ದರ್ಶನಕ್ಕೆ ಬಂದ ಮೀನುಗಳು

ಹವಳದ ದಿಬ್ಬಗಳನ್ನು ಮನುಷ್ಯರಿಂದ ಕಾಪಾಡಬೇಕು ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಮ್ಮೆ ಪರವಾಗಿ, ಇನ್ನೊಮ್ಮೆ ವಿರುದ್ಧವಾಗಿ ಮಾತಾಡಿ ಎರಡು ಸಲವೂ ಗೆದ್ದವಳು ನಾನು. ಸಮುದ್ರವನ್ನು ಮಾತ್ರ ಇವತ್ತಿಗೂ ನೋಡಿಲ್ಲ. ನೋಡದೇ ಇದ್ದದ್ದರ ಬಗ್ಗೆ ಗೆಲ್ಲುವುದು ಸುಲಭ. ಕಣ್ಣೆದುರಿಗೆ ಇದ್ದದ್ದನ್ನು ಉಳಿಸಿಕೊಳ್ಳಲು ಹೊರಟಾಗ ಏನಾಗುತ್ತದೆ ಎಂಬುದು ದೇವದುರ್ಗ ತಾಲೂಕಿನ ಒಂದು ಹೊಳೆದಂಡೆಯಲ್ಲಿ ತಿಳಿಯಿತು.

ಬೇಸಿಗೆಯಲ್ಲಿ ಕೃಷ್ಣೆ ಅಲ್ಲಿ ಹರಿಯುವುದನ್ನು ಬಿಟ್ಟು ಬಂಡೆಗಳ ಸಂದಿಯಲ್ಲಿ ಅಲ್ಲಲ್ಲಿ ಕೂತುಬಿಡುತ್ತಾಳೆ. ಸಣ್ಣ ಗುಂಡಿಗಳೆಲ್ಲ ಒಣಗಿದ ಮೇಲೂ ಉಳಿಯುವುದು ಒಂದೇ ಮಡು. ಅದರೊಳಗೆ ಬಂಡೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಿವೆ. ನೀರಿನಡಿಯ ಕಲ್ಲಿಗೆ ಸ್ಪಂಜು ಎಂಬ ಹಸಿರು ಜೀವಿ ಹತ್ತಿದೆ, ಬಿರುಕುಗಳಲ್ಲಿ ಕಪ್ಪೆಚಿಪ್ಪುಗಳು, ಅವುಗಳ ನಡುವೆ ಬೆರಳುದ್ದದ ಮರಿಗಳು, ತಳದ ಕತ್ತಲಲ್ಲಿ ತೊಡೆಗಾತ್ರದ ಬಾಳಿ ಮೀನುಗಳು. ರಾಯಚೂರಿನಲ್ಲಿ ಹೊಳೆ ಕೆರೆಗಳ ಕೆಲಸ ಮಾಡುವ ನಮ್ಮ ಸಂಸ್ಥೆಯ ಮೇಡಂ ಅದನ್ನು 'ನಮ್ಮ ಹವಳದ ದಿಬ್ಬ' ಎನ್ನುತ್ತಿದ್ದರು. ಬಹಳ ದೂರದವರೆಗಿನ ಹೊಳೆಯ ಮೀನೆಲ್ಲ ಬೇಸಿಗೆ ಕಳೆಯಲು ಬರುವುದು ಅಲ್ಲಿಗೇ. ಹೊಸನೀರು ಬಂದಾಗ ಅವು ಮೇಲೇರಿ ಹೋಗಿ ಮೊಟ್ಟೆ ಇಡಬೇಕು. ಅಲ್ಲಿಯವರೆಗೆ ಆ ಮಡುವನ್ನು ಕಾಯುವುದೇ ನನಗೆ ಕೊಟ್ಟ ಕೆಲಸ.

ದಂಡೆಯ ಮೇಲೆ ಒಂದು ಅಂಬಿಗರ ಓಣಿಯಿದೆ. ಅಲ್ಲಿಯ ಹಿರಿಯಳು ಒಬ್ಬ ಅಜ್ಜಿ. ಹರಿಗೋಲು ಹಾಕುವುದನ್ನು ಬಿಟ್ಟಿದ್ದಾಳೆ, ಮಾತಾಡುವುದನ್ನು ಬಿಟ್ಟಿಲ್ಲ. ಮೊದಲ ದಿನವೇ ನನಗೆ ಹೇಳಿದಳು: "ಇದರಾಗಿನವು ಮೀನಲ್ಲವ್ವಾ, ಬಸರಿ ಹೆಣ್ಮಕ್ಳು. ಇವು ಹ್ವಾದ್ರ ನಮ್ಮ ಹುಡುಗ್ರು ಬಲಿ ಮಡಚಿಟ್ಟು ರಾಯಚೂರಾಗ ಹತ್ತಿ ಮಿಲ್ಲಿನ ಮುಂದ ಕೂಲಿಗೆ ನಿಂದ್ರಬೇಕು. ತಿಳೀತಿಲ್ಲೋ?"

ತಿಳಿಯಿತು. ದಿನವೂ ಬೆಳಿಗ್ಗೆ ಬಣ್ಣ ಹಚ್ಚಿದ ಬಿದಿರು ಗಳುವಿನಿಂದ ಆಳ ನೋಡುತ್ತಿದ್ದೆ. ಕಪ್ಪು ಬಿಳುಪಿನ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಎಲ್ಲಿ ಕಣ್ಮರೆಯಾಗುತ್ತದೆ ಎಂದು ಗುರುತು ಹಾಕುತ್ತಿದ್ದೆ. ಕೊನೆಗೆ ಕಾಗದದ ಪಟ್ಟಿಯನ್ನು ನೀರಿಗೆ ಅದ್ದುತ್ತಿದ್ದೆ. ಪಟ್ಟಿ ಹಸಿರಾಗಿದ್ದರೆ ಮೀನು ಸುಖವಾಗಿವೆ. ಹುಳಿ ಹೆಚ್ಚಾದರೆ ಕೆಂಪಿಗೆ, ಕ್ಷಾರ ಹೆಚ್ಚಾದರೆ ನೀಲಿಗೆ ತಿರುಗುತ್ತದೆ. ನೀಲಿ ಗಾಢವಾದಷ್ಟೂ ಸಾವು ಹತ್ತಿರ.

ಪಟ್ಟಿ ಹಸಿರಿದ್ದರೂ ಸಾವು ಬಂತು. ಪಕ್ಕದ ಕಲ್ಲುಕ್ವಾರಿಯಲ್ಲಿ ಬಂಡೆ ಒಡೆಯಲು ಬಳಸುವ ಜಿಲೆಟಿನ್ ತೋಟಾವನ್ನು ಯಾರೋ ಮಡುವಿಗೆ ಎಸೆದಿದ್ದರು. ತೋಟಾ ಸಿಡಿದರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ತೇಲುವ ಕೆಲವನ್ನು ಹಿಡಿದುಕೊಂಡು ಹೋಗುತ್ತಾರೆ. ಹೆಚ್ಚಿನವು ತಳ ಸೇರಿ ಕೊಳೆಯುತ್ತವೆ. ಕಲ್ಲಿನ ಮೇಲಿನ ಸ್ಪಂಜು ಚಿಂದಿಯಾಗಿ ತೇಲುತ್ತಿತ್ತು.

ಸಂಜೆ ಊರ ಕಟ್ಟೆಯಲ್ಲಿ ಮಾತಾಯಿತು. ಕ್ವಾರಿಯಲ್ಲಿ ಕೆಲಸ ಮಾಡುವ ನನ್ನದೇ ವಯಸ್ಸಿನ ಯುವಕನೊಬ್ಬ ಎದ್ದು ನಿಂತು, "ಹೊಳಿ ಯಾರಪ್ಪಂದು? ಮೀನು ಯಾರಪ್ಪಂದು? ಅಂಬಿಗರು ಬಲಿ ಹಾಕಿ ಹಿಡದ್ರ ಕಸುಬು, ನಾ ತೋಟಾ ಹಾಕಿ ಹಿಡದ್ರ ಪಾಪ ಏನ?" ಎಂದ. ನನಗೆ ಇದಕ್ಕಿಂತ ಬೇರೆ ಏನು ಬೇಕಿತ್ತು? ಅವನ ಪ್ರತಿ ಮಾತನ್ನೂ ಅವನ ಮುಂದಿನ ಮಾತಿನಿಂದಲೇ ಕಟ್ಟಿಹಾಕಿದೆ. ಹೊಳೆ ಎಲ್ಲರದ್ದಾದರೆ ಎಲ್ಲರನ್ನೂ ಕೇಳಿದೆಯಾ? ಕೇಳಿಲ್ಲವಾದರೆ ಅದು ನಿನ್ನೊಬ್ಬನದು ಹೇಗಾಯಿತು? ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಅವನು ಮುಖ ಕೆಂಪಗೆ ಮಾಡಿಕೊಂಡು, "ವಕೀಲವ್ವ ಬಂದಾಳಪ್ಪೋ, ನಡೀರಿ" ಎಂದು ಹೊರಟುಹೋದ. ಅಂದಿನಿಂದ ನನ್ನ ಹೆಸರು ವಕೀಲವ್ವ. ಅದೇ ವಾರ ಮಡುವಿನಲ್ಲಿ ಮತ್ತೊಂದು ತೋಟಾ ಸಿಡಿಯಿತು.

ಅದನ್ನು ನಿಲ್ಲಿಸಿದ್ದು ನಾನಲ್ಲ, ಊರ ಗುಡಿಯ ಪೂಜಾರಿ. ಮಡುವಿನ ಅಂಚಿನಲ್ಲಿ ದುಂಡನೆಯ ಬಂಡೆಯೊಂದಿದೆ. ವರ್ಷದ ಮೊದಲ ಬಲೆ ಹಾಕುವ ಮುಂಚೆ ಅಂಬಿಗರು ಅದರ ಮುಂದೆ ಕಾಯಿ ಒಡೆಯುವುದುಂಟು. ಅಜ್ಜಿ ಹೋಗಿ ಪೂಜಾರಿಯ ಕಿವಿಯಲ್ಲಿ ಏನು ಹೇಳಿದಳೋ, ಅವರು ಬಂದು ಬಂಡೆಗೆ ವಿಭೂತಿ ಬಳಿದು, ಪಕ್ಕದ ಜಾಲಿ ಗಿಡಕ್ಕೆ ಗಂಟೆ ಕಟ್ಟಿ, "ಇದು ಮಡುಲಿಂಗಯ್ಯ, ಇಲ್ಲಿನ ಮೀನು ಅವನವು" ಎಂದು ಸಾರಿದರು. ತೋಟಾ ನಿಂತಿತು. ಕ್ವಾರಿಯ ಯುವಕ ಕೂಡ ಒಂದು ದಿನ ಬಂದು ದೂರದಿಂದ ಕೈಮುಗಿದು ಹೋದ.

ಮೇಡಂಗೆ ಫೋನಿನಲ್ಲಿ ತಕರಾರು ಹೇಳಿದೆ. "ಈ ನಂಬಿಕೆ ಕಾಯೋದು ಕಲ್ಲನ್ನ, ಮೀನನ್ನಲ್ಲ. ನಾಳೆ ಕಲ್ಲಿಗೆ ಒಳ್ಳೇದು ಅಂತ ಏನೋ ಮಾಡ್ತಾರೆ, ಅದು ಮೀನಿಗೆ ಕೆಟ್ಟದ್ದಾದ್ರೆ?"

"ತೋಟಾ ನಿಂತಿದೆಯಲ್ಲ?"

"ನಿಂತಿದೆ."

"ಹಾಗಾದ್ರೆ ಮಳೆ ಬರೋವರೆಗೂ ಸ್ವಲ್ಪ ಬಾಯಿ ಮುಚ್ಕೊಂಡು ಕೆಲಸ ಮಾಡು."

ಮುಚ್ಚಿಕೊಂಡೆ. ಆದರೆ ಆ ಭಾನುವಾರ ಮಾನ್ವಿಗೆ ಸೋದರಮಾವನ ಮನೆಗೆ ಊಟಕ್ಕೆ ಹೋದಾಗ ತಡೆಯಲಾಗಲಿಲ್ಲ. ಮಾವ ಅಕ್ಕಿ ಮಿಲ್ಲಿನ ಮಾಲೀಕ, ಹಣೆ ತುಂಬ ವಿಭೂತಿ, ಸ್ನಾನ ಪೂಜೆ ಆಗದೆ ನೀರು ಸಹ ಮುಟ್ಟದ ಮನುಷ್ಯ. ಒಂದು ಗಂಟೆ, ಒಂದು ಕಲ್ಲು, ತೋಟಾ ಬಂದ್ ಎಂದು ನಾನು ನಗುತ್ತಾ ಹೇಳಿದೆ. ಮಾವ ನಗಲಿಲ್ಲ. ತುತ್ತು ಕೆಳಗಿಟ್ಟು ಕೈ ಮುಗಿದರು. "ಎಂಥಾ ಜಾಗ ಅದವ್ವಾ! ಅಮಾಸಿ ಮುಗದ ಮ್ಯಾಲ ಬರೋ ಸೋಮವಾರ ನಾ ಬರ್ತೀನಿ. ಏನರೆ ಸೇವಾ ಮಾಡಬೇಕು."

ಸೇವೆ ಎಂದರೆ ಕಾಯಿ, ಹೂವು, ಮಂಡಕ್ಕಿ ಎಂದು ತಿಳಿದೆ. ಮಂಡಕ್ಕಿ ಹೆಚ್ಚು ಎಸೆದರೆ ನೀರು ಕೆಡುತ್ತದೆ, ಹಿಡಿ ಸಾಕು ಎಂದು ಹೇಳಿ ಬಂದೆ. ಮಂಡಕ್ಕಿಯ ಬಗ್ಗೆ ಅಷ್ಟೊಂದು ಯೋಚಿಸಿದವಳಿಗೆ ಇನ್ನೊಂದು ಹೊಳೆಯಲಿಲ್ಲ. ನಮ್ಮ ಕಡೆ ಯಾವುದಾದರೂ ಕಲ್ಲು ದೇವರಾದರೆ ಮೊದಲು ಮಾಡುವ ಕೆಲಸ ಯಾವುದು? ಗುಡಿ ಇರಲಿ, ಕಟ್ಟೆ ಇರಲಿ, ಗದ್ದಿಗೆ ಇರಲಿ, ಹಬ್ಬಕ್ಕೆ ಮುಂಚೆ ಸುಣ್ಣ ಬಳಿಯುತ್ತೇವೆ.

ಆ ಸೋಮವಾರ ಬೆಳಿಗ್ಗೆ ನಾನು ರಾಯಚೂರಿನಲ್ಲಿದ್ದೆ. ಪಟ್ಟಿಗಳು ಮುಗಿದಿದ್ದವು, ಹೊಸ ಡಬ್ಬಿ ತರಬೇಕಿತ್ತು. ವಾಪಸು ಬರುವ ಬಸ್ಸು ತಡವಾಯಿತು. ದೇವದುರ್ಗದಲ್ಲಿ ಇಳಿದು ಸ್ಕೂಟಿ ಹತ್ತಿದೆ. ಹೊಳೆಯ ಏರಿಗೆ ಬಂದಾಗ ಬಿಸಿಲಿನಲ್ಲಿ ಏನೋ ಕಣ್ಣು ಕುಕ್ಕಿತು. ಮಡುವಿನ ಒಂದು ದಂಡೆ ಪೂರ್ತಿ ಬೆಳ್ಳಗಿತ್ತು.

ಲಿಂಗದಂಥ ಬಂಡೆಗಷ್ಟೇ ಅಲ್ಲ, ಅದರ ಹಿಂದಿನ, ಅಕ್ಕಪಕ್ಕದ ಬಂಡೆಗಳಿಗೂ ಬಳಿದಿದ್ದರು. ಮಾವನ ಟೆಂಪೋ ಸುಡುಸುಣ್ಣದ ಹರಳು ಇಳಿಸಿ ಮಾನ್ವಿಗೆ ಮರಳಿತ್ತು. ನೀರಿನಂಚಿನಲ್ಲೇ ಡ್ರಮ್ಮುಗಳಲ್ಲಿ ಹಾಕಿ ಅರಳಿಸಿದ್ದರು. ಇನ್ನೂ ಆವಿ ಏಳುತ್ತಿತ್ತು. ಸುತ್ತಲ ಊರುಗಳಿಂದ ಒಕ್ಕಲುತನದವರು, ಕುರಿಗಾರರು ಬಂದಿದ್ದರು. ಕಡ್ಡಿ ಪೊರಕೆಯಂಥ ಬಾರಿಗೆಯಿಂದ ಸುಣ್ಣ ಎರಚುತ್ತಿದ್ದರು, ಖಾಲಿಯಾದ ಡ್ರಮ್ಮನ್ನು ಮಡುವಿನಲ್ಲೇ ತೊಳೆಯುತ್ತಿದ್ದರು. ನೀರಿನ ಅಂಚು ಮಜ್ಜಿಗೆಯಂತಾಗಿತ್ತು.

ಆ ಬಿಳಿಯ ಅಂಚಿನ ಉದ್ದಕ್ಕೂ ಮೀನುಗಳು ಮೇಲೆ ಬಂದಿದ್ದವು. ನೂರಾರು ಮರಿಗಳು, ಬಾಯಿ ನೀರಿನಿಂದ ಹೊರಗೆ, ತೆರೆದು ಮುಚ್ಚಿ, ತೆರೆದು ಮುಚ್ಚಿ. ಜನ ಅವುಗಳ ಮೇಲೆ ಮಂಡಕ್ಕಿ ಚೆಲ್ಲಿ ಕೈ ಮುಗಿಯುತ್ತಿದ್ದರು.

"ಬಾರವ್ವಾ ಬಾ!" ಮಾವ ಕೈಬೀಸಿದರು. ಬಿಳಿ ಧೋತರ, ಬಿಳಿ ಅಂಗಿ, ಕೈಯಲ್ಲಿ ಬಾರಿಗೆ. "ದೇವ್ರಿಲ್ಲ, ದಿಂಡ್ರಿಲ್ಲ ಅಂತಿದ್ದೆಲ್ಲ, ಈಗ ನೋಡು. ಮೀನು ಸುದ್ದಾ ದರ್ಶನಕ್ಕ ಬಂದು ಬಾಯಿ ತೆಗದು ಓಂಕಾರ ಹೇಳಾಕತ್ತಾವ!"

"ಮಾವಾ, ಅವು ಸಾಯಾಕತ್ತಾವ."

ಅವರಿಗೆ ಕೇಳಿಸಲಿಲ್ಲ. ಗಂಟೆ, ಭಜನೆ, ಡೋಲು. ಮೀನಿನ ಮರ್ಮ ಬಲ್ಲ ಅಂಬಿಗರೆಲ್ಲ ಅಜ್ಜಿಯೊಡನೆ ಏರಿಯ ಆಚೆ ಬದಿಯ ಬೇವಿನಡಿ ಹುಗ್ಗಿ ಬೇಯಿಸುತ್ತಿದ್ದರು. ಅಲ್ಲಿಂದ ಮಡು ಕಾಣುವುದಿಲ್ಲ. ನಾನು ಹೊಸ ಡಬ್ಬಿ ಒಡೆದು ಪಟ್ಟಿ ಅದ್ದಿದೆ. ಕಡುನೀಲಿಯಾಗಿ ನೇರಳೆಯ ಅಂಚಿಗೆ ಹೋಯಿತು. ಅದನ್ನು ಪೂಜಾರಿಯ ಮುಖಕ್ಕೆ ಹಿಡಿದೆ.

"ನೋಡ್ರಿ ಸ್ವಾಮೇರ, ನೀರು ನೀಲಿ ತೋರಸಾಕತ್ತದ. ಇದು ವಿಷ."

ಪೂಜಾರಿ ನಕ್ಕರು. "ನೀಲಿ ಅಂದ್ರ ನೀಲಕಂಠನ ಬಣ್ಣ, ತಂಗಿ. ವಿಷ ಕುಡದಾಂವನ ಅಂವ."

"ಅಂವ ಕುಡದು ದಕ್ಕಿಸಿಕೊಂಡಾನ್ರಿ. ಮೀನಿಗೆ ದಕ್ಕೂದಿಲ್ಲ."

ಸುತ್ತಲಿದ್ದವರು ಹೋ ಎಂದು ನಕ್ಕರು. ಒಳ್ಳೆಯ ಮಾತು ಎಂದು ಯಾರೋ ಬೆನ್ನು ಕೂಡ ತಟ್ಟಿದರು. ಬಾರಿಗೆ ಮಾತ್ರ ನಿಲ್ಲಲಿಲ್ಲ. ಮತ್ತೊಂದು ಡ್ರಮ್ಮು ಉರುಳಿ ಬರುತ್ತಿತ್ತು. ಆಳದ ಕಡೆ ಇನ್ನೂ ತಿಳಿಯಾಗಿದೆ, ದೊಡ್ಡವು ಅಲ್ಲಿವೆ, ಸುಣ್ಣ ಅಲ್ಲಿಗೆ ಹರಡಲು ಎಷ್ಟು ಹೊತ್ತು? ಕ್ಷಾರ, ಕಿವಿರು, ಲೋಳೆ ಎಂದು ಬಿಡಿಸಿ ಹೇಳಬಲ್ಲೆ. ಗೆಲ್ಲಲೂಬಲ್ಲೆ. ಕಟ್ಟೆಯ ಮೇಲೂ ಗೆದ್ದಿದ್ದೆನಲ್ಲ.

ಆಗ ಒಂದು ನಿರ್ಧಾರಕ್ಕೆ ಬಂದೆ. ಇಷ್ಟು ದಿನ ಆ ಮಡುವಿನ ಒಂದು ಮೀನಿಗೂ ನಾನು ಕೈ ಹಚ್ಚಿರಲಿಲ್ಲ.

ಪೂಜೆಗೆ ತಂದಿದ್ದ ಎರಡು ಹಿತ್ತಾಳೆ ತಂಬಿಗೆ ಎತ್ತಿಕೊಂಡೆ. ಒಂದರಲ್ಲಿ ಆಳದ ಕಡೆಯ ನೀರು, ಇನ್ನೊಂದರಲ್ಲಿ ಬಿಳಿ ಅಂಚಿನ ನೀರು. ಆಳದ ಕಡೆಯಿಂದಲೇ ದುಪಟ್ಟಾದಲ್ಲಿ ಎರಡು ಮರಿ ಹಿಡಿದೆ, ಎರಡೂ ಚುರುಕಾಗಿದ್ದವು. ಡೋಲಿನವನ ಕೈ ಹಿಡಿದು ನಿಲ್ಲಿಸಿದೆ. ತಂಬಿಗೆಗಳನ್ನು ಮಡುಲಿಂಗಯ್ಯನ ಮುಂದೆಯೇ ಇಟ್ಟೆ.

"ಮಾವಾ, ಸ್ವಾಮೇರ, ಎಲ್ಲಾರೂ ಬರ್ರಿ. ನಾ ಏನೂ ಹೇಳೂದಿಲ್ಲ. ಬರೇ ನೋಡ್ರಿ."

ಒಂದೊಂದರಲ್ಲಿ ಒಂದೊಂದು ಬಿಟ್ಟೆ.

ಆಳದ ನೀರಿನದು ತಂಬಿಗೆಯ ಸುತ್ತ ತಿರುಗಿತು. ಸುಣ್ಣದ ನೀರಿನದು ಮೊದಲು ಚಿಮ್ಮಿತು. ಮೇಲೆ ಬಂದು ಬಾಯಿ ತೆರೆಯಿತು. "ನೋಡು, ಇದೂ..." ಎಂದು ಯಾರೋ ಶುರುಮಾಡಿ ನಿಲ್ಲಿಸಿದರು. ಮರಿ ಪಕ್ಕಕ್ಕೆ ವಾಲಿತು, ಸರಿಯಾಯಿತು, ಮತ್ತೆ ವಾಲಿತು. ಮೈಯಿಂದ ಬಿಳಿ ಲೋಳೆ ಬಿಚ್ಚಿಕೊಂಡಿತು. ಎತ್ತಿ ಆಚೆ ಬಿಡಲೇ ಎಂದು ಕೈ ಮುಂದಾಯಿತು, ಹಿಂದೆಳೆದುಕೊಂಡೆ. ಹೊಟ್ಟೆ ಮೇಲಾಗಿ ತೇಲಿದಾಗ ಮಾವನ ಕೈಯಿಂದ ಬಾರಿಗೆ ಬಿತ್ತು.

ಗದ್ದಲ ನಿಂತಿದ್ದಕ್ಕೋ ಏನೋ ಅಜ್ಜಿ ಏರಿಯಿಂದ ಇಳಿದು ಬಂದಿದ್ದಳು. ಮಡುವಿನ ಅಂಚನ್ನು ನೋಡಿದಳು, ತಂಬಿಗೆಯನ್ನು ನೋಡಿದಳು. ಸತ್ತ ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು ನನ್ನ ಕಡೆ ತಿರುಗಿದಳು.

"ಕೊಂದು ಹೇಳಬೇಕಿತ್ತೇನ? ಅಷ್ಟು ದೊಡ್ಡ ಬಾಯಿ ಅದ ನಿನಗ, ಏನಾಗಿತ್ತು ಅದಕ್ಕ?"

ನಾನು ಬದುಕಿದ್ದ ಮರಿಯ ತಂಬಿಗೆ ಎತ್ತಿ ಆಳದ ಕಡೆಗೆ ಬಗ್ಗಿಸಿದೆ.

"ಅದನ್ನ ಆಮ್ಯಾಲ ಜಗಳಾಡ್ರಿ," ಎಂದಿತು ಹಿಂದಿನಿಂದ ಒಂದು ದನಿ. ಕ್ವಾರಿಯ ಯುವಕ. "ಮಾನ್ವಿ ಕಡಿ ನೋಡ್ರಿ."

ದೂರದಲ್ಲಿ ದಕ್ಷಿಣದ ಆಕಾಶ ಕರ್ರಗಾಗಿತ್ತು. ಬೇಸಿಗೆಯ ಅಡ್ಡಮಳೆ. ಬಳಿದ ಸುಣ್ಣ ವಾರಗಟ್ಟಲೆ ಗಾಳಿಗೆ ಒಣಗಿದರೆ ಸೀಮೆಸುಣ್ಣದಂತೆ ಸಾಧುವಾಗುತ್ತದೆ. ಹಸಿಯಿದ್ದಾಗ ಮಳೆ ಬಿದ್ದರೆ ಅಷ್ಟೂ ಕರಗಿ ಇಳಿಯುತ್ತದೆ, ಆ ಇಳಿಜಾರೆಲ್ಲ ಮಡುವಿನ ಕಡೆಗೇ ಇದೆ. ಅಂಚಿನ ಮರಿಗಳಷ್ಟೇ ಅಲ್ಲ, ತಳದ ಬಸುರಿಯರೂ ಉಳಿಯುವುದಿಲ್ಲ.

"ಡ್ರಮ್ಮು ಮೊದ್ಲು ಏರಿ ಮ್ಯಾಲ ಹೋಗ್ಲಿ," ಎಂದೆ. "ಯಾರೂ ನೀರು ಹಾಕಿ ತೊಳೀಬ್ಯಾಡ್ರಿ. ಒಣಾ ಮರಳು ಚೆಲ್ಲಿ ಕೆರೀರಿ. ಕೈಗೆ ಅರಿಬಿ ಸುತ್ತಿಕೊಳ್ರಿ, ಸುಡ್ತದ."

ಮಾವ ಆಗಲೇ ಫೋನು ಹಿಡಿದಿದ್ದರು. "ಲೇ, ಮಿಲ್ಲಿನಾಗ ಖಾಲಿ ಚೀಲ ಎಷ್ಟು ಅದಾವ ಅಷ್ಟೂ ಟೆಂಪೋಕ್ಕ ಹಾಕು. ಅಕ್ಕಿ ಲೋಡು? ಮಣ್ಣಾಗ ಹೋಗ್ಲಿ ಅಕ್ಕಿ! ಜಲ್ದಿ ಬಾ."

ಮರಳು ಹಸಿ ಸುಣ್ಣಕ್ಕೆ ಅಂಟುತ್ತದೆ. ಅದನ್ನು ಸಲಿಕೆಯಿಂದ, ತಟ್ಟೆಯಿಂದ, ತೆಂಗಿನ ಚಿಪ್ಪಿನಿಂದ ಕೆರೆದು ಬುಟ್ಟಿಗೆ ತುಂಬಿ ಏರಿಗೆ ಹೊತ್ತೆವು. ನಯವಾದ ಕಲ್ಲು ಬೇಗ ಬಿಟ್ಟಿತು. ಬಿರುಕಿನಲ್ಲಿ ಇಳಿದದ್ದು ಬಿಡಲೊಲ್ಲದು. ಮುಂಜಾನೆ ಭಕ್ತಿಯಿಂದ ಬಳಿದವರೇ ಈಗ ಅಷ್ಟೇ ಭಕ್ತಿಯಿಂದ ಕೆರೆಯುತ್ತಿದ್ದರು. ಕ್ವಾರಿಯ ಯುವಕ ನನ್ನ ಪಕ್ಕದಲ್ಲೇ ಇದ್ದ.

"ವಕೀಲವ್ವ, ಒಂದು ಮಾತು. ಇವತ್ತು ಕೊಂದಾಂವ ನಾನಲ್ಲ ನೋಡು."

"ಬಾಯಿ ಮುಚ್ಚಿ ಕೆರಿ."

"ಕೆರದೆ, ಕೆರದೆ. ನೆನಪಿರ್ಲಿ ಅಂತ ಹೇಳಿದೆ."

ಎಷ್ಟು ಕೆರೆದರೂ ಪೂರ್ತಿ ಹೋಗುವುದಿಲ್ಲ ಎಂದು ನನಗೆ ಸ್ಪಷ್ಟವಾಗಿತ್ತು. ಬಂಡೆಯ ಕೆಳಗೆ, ನೀರಿಗೆ ಮೊದಲು, ಮೊಳದಗಲದ ಒಂದು ಸಮತಟ್ಟು ಅಂಚಿದೆ. ಅಲ್ಲಿ ಒಡ್ಡು ಹಾಕಿದರೆ ಹರಿದು ಬಂದದ್ದು ಪಕ್ಕದ ಒಣ ಮರಳಿಗೆ ತಿರುಗೀತು. ಹೊತ್ತು ಇಳಿಯುತ್ತಾ ಗಾಳಿ ಎದ್ದು ಜಾಲಿಯ ಗಂಟೆ ತಾನೇ ಹೊಡೆದುಕೊಳ್ಳತೊಡಗಿದಾಗ ಮಾನ್ವಿಯ ಟೆಂಪೋ ಏರಿಯಿಂದ ಇಳಿಯಿತು. ಚೀಲಗಳಿಗೆ ದಂಡೆಯ ಎರೆಮಣ್ಣು ತುಂಬಿದೆವು. ಎರೆ ನೀರು ಕುಡಿದು ಉಬ್ಬಿ ಸಂದಿ ಮುಚ್ಚುತ್ತದೆ. ಅಂಬಿಗರು ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದರು. ಅಜ್ಜಿ ಚೀಲದ ಬಾಯಿ ಹೊಲಿಯುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

ಒಡ್ಡಿನ ಕೊನೆಯ ಮೂಲೆ ಉಳಿದಿರುವಾಗಲೇ ಮಳೆ ಬಂತು. ಹನಿ ಹನಿಯಾಗಿ ಅಲ್ಲ, ಒಮ್ಮೆಲೇ. ಬಂಡೆಗಳ ಮೇಲಿಂದ ಹಾಲಿನಂಥ ನೀರು ಇಳಿದು ಚೀಲಗಳಿಗೆ ಬಡಿದು ಮರಳಿನ ಕಡೆ ತಿರುಗಿತು. ತಿರುಗಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಆ ಮೂಲೆಯಲ್ಲಿ ಚೀಲವೊಂದು ಜಾರಿ, ಬಿಳಿ ನೀರು ಮಡುವಿನ ಕಡೆ ನಾಲಿಗೆ ಚಾಚಿತು.

"ಚೀಲ! ಇನ್ನೊಂದು ಚೀಲ!"

ಚೀಲ ಮುಗಿದಿದ್ದವು. ಮಾವ ಒಂದು ಕ್ಷಣ ಸುತ್ತ ನೋಡಿದರು. ಆಮೇಲೆ ಬಿಳಿ ಧೋತರ ಮೇಲೆತ್ತಿಕೊಂಡು ಆ ಸಂದಿಯಲ್ಲಿ ಪದ್ಮಾಸನ ಹಾಕಿ ಕೂತುಬಿಟ್ಟರು. ಸುಣ್ಣದ ನೀರು ಅವರ ಬೆನ್ನಿಗೆ ಬಡಿದು ಪಕ್ಕಕ್ಕೆ ಹೊರಳಿತು.

"ಮಾವಾ, ಸುಡ್ತದ, ಏಳ್ರಿ!"

"ನೀ ಮಣ್ಣು ತಾರವ್ವಾ. ಸೇವಾ ಮಾಡ್ತೀನಿ ಅಂದಿದ್ದಿಲ್ಲೇನ? ಮಾಡಾಕತ್ತೀನಿ."

ಬುಟ್ಟಿಯಲ್ಲಿ ಎರೆಮಣ್ಣು ತಂದು ಅವರ ಎರಡೂ ಬದಿ ಮೆತ್ತಿದೆವು. ಕ್ವಾರಿಯ ಯುವಕ, "ಮಾಲಕರ, ಅಳ್ಳಾಡಬ್ಯಾಡ್ರಿ, ಪ್ಲಾಸ್ಟರ್ ಹಸೀ ಅದ" ಎಂದ. ಆ ಭಯದಲ್ಲೂ ಯಾರೋ ನಕ್ಕರು. ಮಾವನ ಹಣೆಯ ವಿಭೂತಿ ತೊಳೆದು ಹೋಗಿತ್ತು, ಮೈಯೆಲ್ಲ ಸುಣ್ಣವಾಗಿತ್ತು.

ಮಳೆ ಬಂದಷ್ಟೇ ಬೇಗ ಹೋಯಿತು. ಪಟ್ಟಿ ಹಿಡಿದು ಆಳದ ಕಡೆಗೆ ನಡೆದೆ. ಅದನ್ನು ಅದ್ದಿ ತೆಗೆದೆ. ಹಸಿರಲ್ಲ. ನೀಲಿಯ ಅಂಚು. ಬದುಕುವುದಕ್ಕೂ ಸಾಯುವುದಕ್ಕೂ ಆಗಬಹುದಾದ ಬಣ್ಣ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಗೊತ್ತಿಲ್ಲ," ಎಂದೆ. ವೇದಿಕೆಯ ಮೇಲೆ ನಾನು ಎಂದೂ ಆಡದ ಮಾತು ಅದು.

ಮರುದಿನ ಬೆಳಿಗ್ಗೆ ಅಂಚಿನಲ್ಲಿ ಸತ್ತ ಮರಿಗಳು ಬುಟ್ಟಿಗಟ್ಟಲೆ ಸಿಕ್ಕವು. ಕಪ್ಪೆಚಿಪ್ಪುಗಳು ಬಾಯಿ ಬಿಟ್ಟಿದ್ದವು. ಆ ದಂಡೆಯ ಸ್ಪಂಜು ಬೂದಿಬಣ್ಣಕ್ಕೆ ತಿರುಗಿತ್ತು. ಚರ್ಚೆಯಲ್ಲಿ ನಾನು ಬಾಯಿಪಾಠ ಒಪ್ಪಿಸಿದ್ದ ಬಿಳಿಚಿದ ಹವಳ ನೆನಪಾಯಿತು. ಆಳದ ಕಡೆ ಏನೂ ತೇಲಿರಲಿಲ್ಲ. ಸಮಾಧಾನವಾಗಲಿಲ್ಲ, ದೊಡ್ಡವು ಸತ್ತರೆ ಮೊದಲು ಮುಳುಗಿ ಆಮೇಲೆ ತೇಲುತ್ತವೆ. ದಿನವೂ ಬಂದು ನೋಡುತ್ತಿದ್ದೆ. ಪಟ್ಟಿ ನಿಧಾನವಾಗಿ ಹಸಿರಿಗೆ ಮರಳಿತು. ನೀರಿನ ಮೈ ಅಲುಗದೆ ಮಲಗಿತ್ತು. ಬೆನ್ನು ತುಂಬ ಎಣ್ಣೆ ಹಚ್ಚಿಸಿಕೊಂಡು ಬೋರಲು ಮಲಗಿದ್ದ ಮಾವ ದಿನಾ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಕಂಡವೇನವ್ವಾ?" ಪೂಜಾರಿ ಸೋಮವಾರದ ಪೂಜೆ ನಿಲ್ಲಿಸಲಿಲ್ಲ. ಮಡುಲಿಂಗಯ್ಯನಿಗೆ ನೀರು, ಹೂವು, ವಿಭೂತಿಯ ಮೂರು ಬೆರಳು ಸಾಕು ಎಂದು ಅವರೇ ಕಟ್ಟಳೆ ಮಾಡಿದರು. ನಾನು ಎದುರು ವಾದಿಸಲಿಲ್ಲ. ಅಜ್ಜಿ ಮಾತ್ರ ನನ್ನನ್ನು ಮಾತಾಡಿಸಲಿಲ್ಲ.

ಹೊಸನೀರು ಬಂದ ದಿನ ಬೆಳಿಗ್ಗೆ ಊರೆಲ್ಲ ಏರಿಯ ಮೇಲಿತ್ತು. ಕೆಂಪು ನೀರು ಬಂಡೆಗಳ ಸಂದಿ ಹುಡುಕುತ್ತಾ ಬಂದು ಮಡುವನ್ನು ಮುಟ್ಟಿತು. ನಾನು ಅಜ್ಜಿಯಿಂದ ಸ್ವಲ್ಪ ದೂರ ನಿಂತಿದ್ದೆ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಎರಡು ನೀರು ಕೂಡುವ ಬಾಯಿಯಲ್ಲಿ ಕರಿಯ ಬೆನ್ನೊಂದು ಎದ್ದು, ಹೊರಳಿ, ಎದುರು ಸೆಳವಿಗೆ ನುಗ್ಗಿತು. ಅದರ ಹಿಂದೆ ಇನ್ನೊಂದು. ಅಂಬಿಗರ ಓಣಿಯವರು ಒಟ್ಟಿಗೆ ಕೂಗಿದರು. ಎಷ್ಟು ಹೋದವು, ಎಷ್ಟು ಹೋಗಬೇಕಿತ್ತು, ನನಗೆ ಲೆಕ್ಕ ಸಿಗಲಿಲ್ಲ. ಹೋದವು, ಅಷ್ಟೆ.

ಮಾವನಿಗೆ ಫೋನು ಹಚ್ಚಲು ಹೊರಟವಳನ್ನು ಅಜ್ಜಿ ಕರೆದಳು. "ಏ ವಕೀಲವ್ವ, ಇಲ್ಲಿ ಬಾ."

ಸೆರಗಿನ ಗಂಟು ಬಿಚ್ಚಿ ವೀಳ್ಯದೆಲೆ ತೆಗೆದು ತೊಡೆಯ ಮೇಲೆ ಒರೆಸಿದಳು. ಸುಣ್ಣದ ಡಬ್ಬಿಗೆ ಬೆರಳು ಹಾಕಿದಳು. ಉಗುರಿನ ತುದಿಯಲ್ಲಿ ಎಷ್ಟು ನಿಂತಿತೋ ಅಷ್ಟನ್ನು ನನಗೆ ತೋರಿಸಿ, ಎಲೆಗೆ ಸವರಿ, ಅಡಿಕೆ ಇಟ್ಟು ಮಡಚಿದಳು.

"ಅಜ್ಜಿ, ಅವತ್ತು ನಾ ಆ ಮರೀನ..."

"ಬಾಯಿ ತೆಗಿ," ಎಂದಳು.

ತೆಗೆದೆ. ಎಲೆಯನ್ನು ಒಳಗೆ ತುರುಕಿ, ಅಂಗೈಯಿಂದ ನನ್ನ ಬಾಯಿ ಮುಚ್ಚಿ ಹಿಡಿದು ಹೊಳೆಯ ಕಡೆಗೆ ತಿರುಗಿದಳು. ಕೆಂಪು ನೀರಿನಲ್ಲಿ ಮತ್ತೊಂದು ಬೆನ್ನು ಎದ್ದಿತು.